ಅಪ್‌ಡೇಟ್: ಗಿಟಾರಿನ ಗುಂಯ್ ಸದ್ದು ಕೊನೆಗೂ ನಿಂತಿತು (ಬಹುಪಾಲು)
ಹೋದ ವಾರ ಕೇಳಿದ್ದೆನಲ್ಲ, 7,000 ರೂಪಾಯಿಗೆ ತಗೊಂಡ ಹಳೇ ಸ್ಟ್ರಾಟ್ (ಸ್ಟ್ರಾಟೊಕ್ಯಾಸ್ಟರ್) ಮಾದರಿ ಎಲೆಕ್ಟ್ರಿಕ್ ಗಿಟಾರನ್ನು ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಹಾಕಿದರೆ ಗುಂಯ್ ಅನ್ನುತ್ತದೆ, ತಂತಿ ಮುಟ್ಟಿದರೆ ಕಡಿಮೆಯಾಗುತ್ತದೆ ಅಂತ. ಹೊಸ ಕೇಬಲ್ ತಂದೆ, 450 ರೂಪಾಯಿ ದಂಡ. ಪ್ಲಗ್ ಪಾಯಿಂಟಿನ ಅರ್ಥಿಂಗ್ ನೋಡಿಸಿ ಎಂದವರಿಗೆ ದೊಡ್ಡ ನಮಸ್ಕಾರ! ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿದರೆ ಅರ್ಥ್ ವೈರೇ ಕಳಚಿಕೊಂಡಿತ್ತು. ಶಾಕ್ ಹೊಡೆಯದೆ ಇದ್ದದ್ದೇ ಪುಣ್ಯ. ಈಗ ಮುಕ್ಕಾಲು ಪಾಲು ಸದ್ದಿಲ್ಲ. ಉಳಿದದ್ದು ಸಿಂಗಲ್ ಕಾಯಿಲ್ ಪಿಕಪ್‌ನ (ತಂತಿಯ ಕಂಪನ ಹಿಡಿಯುವ ಒಂಟಿ ಸುರುಳಿಯ ಭಾಗ) ಹುಟ್ಟುಗುಣ, ಮನೆ ಕರೆಂಟಿನ 50 ಹರ್ಟ್ಸ್ ಗುನುಗನ್ನು ಅದು ಆಂಟೆನಾ ಥರ ಎಳೆದುಕೊಳ್ಳುತ್ತದೆ. ಮಜಾ ಏನೆಂದರೆ ಪಿಕಪ್ ಆರಿಸುವ ಸ್ವಿಚ್ಚನ್ನು ಎರಡು ಪಿಕಪ್ ಒಟ್ಟಿಗೆ ಕೆಲಸ ಮಾಡುವ 2 ಅಥವಾ 4ನೇ ಜಾಗಕ್ಕೆ ತಂದರೆ ಅದೂ ಮಾಯ, ಯಾಕೆಂದರೆ ನನ್ನದರಲ್ಲಿ ನಡುವಿನ ಪಿಕಪ್‌ನ ಸುತ್ತು ಉಲ್ಟಾ ಇದೆ, ಎರಡರ ಗುನುಗೂ ಒಂದನ್ನೊಂದು ಹೊಡೆದುಹಾಕುತ್ತವೆ. ಸದ್ದು ತಡೆಯೋಕೆ ಗಿಟಾರಿನ ಒಳಗೆ ಅಂಟಿಸಿ ಅಂತ ನೀವು ಹೇಳಿದ ತಾಮ್ರದ ಟೇಪ್ ಸುಮ್ನೆ ಡಬ್ಬದಲ್ಲೇ ಇದೆ.