ಅಪ್‌ಡೇಟ್: ಮಗನ ಉಬ್ಬಸ ಈಗ ಹೇಗಿದೆ

ನೆಗಡಿ ಬಂದಾಗಲೆಲ್ಲ ರಾತ್ರಿ ಎರಡು ವರ್ಷದ ಮಗನ ಉಸಿರು ಸುಯ್ ಸುಯ್ ಅನ್ನುತ್ತದೆ, ಏನು ಮಾಡಲಿ ಅಂತ ಮೂರು ವಾರದ ಹಿಂದೆ ಕೇಳಿದ್ದೆ ಅಲ್ವಾ. ಈಗ ಆರಾಮಾಗಿದ್ದಾನೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ನೀವು ಹೇಳಿದಂತೆ ಅಂಗಿ ಬಿಚ್ಚಿ ನೋಡಿದೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಮಲಗಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ, 52. ಈ ವಯಸ್ಸಿಗೆ 40 ಆದರೇ ಜಾಸ್ತಿ. ಬೆಳಗಾಗಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಓಡಿದೆವು. ಆಕ್ಸಿಜನ್ ಕೊಟ್ಟರು, ನೆಬ್ಯುಲೈಸರ್ (ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಲ್ಲಿ ಕೊಡುವ ಯಂತ್ರ) ಹಾಕಿದರು, ಎರಡು ದಿನ ಇಟ್ಟುಕೊಂಡರು. ವೈರಸ್‌ನಿಂದ ಬಂದ ಉಬ್ಬಸವಂತೆ, ಇಷ್ಟು ಚಿಕ್ಕವನಿಗೆ ಆಸ್ತಮಾ ಅಂತ ಈಗಲೇ ಹೇಳೋಕಾಗಲ್ಲ ಅಂದರು.

ಈಗ ಡಾಕ್ಟರ್ ಬರೆದುಕೊಟ್ಟ ಇನ್‌ಹೇಲರ್ ಇದೆ, ಮಾಸ್ಕ್ ಇರುವ ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸುವ ಕೊಳವೆ) ಜೊತೆ. ಮೊದಲೆರಡು ದಿನ ತಲೆ ಅಲ್ಲಾಡಿಸಿ ಒಂದೇ ಸಮ ಅತ್ತ, ನಾನು ಹೆದರಿ ಗಟ್ಟಿಯಾಗಿ ಹಿಡಿದು ಹಾಕುತ್ತಿದ್ದೆ, ಆದರೆ ಅಳುವಾಗ ಔಷಧಿ ಸರಿಯಾಗಿ ಶ್ವಾಸಕೋಶಕ್ಕೆ ಹೋಗುವುದಿಲ್ಲ ಅಂತ ನರ್ಸ್ ಹೇಳಿದ ಮೇಲೆ ಬಿಟ್ಟೆ. ಅವನ ಗೊಂಬೆಗೆ ಮೊದಲು ಹಾಕಿ ತೋರಿಸಿದೆ. ಈಗ ತಾನೇ ಮಾಸ್ಕನ್ನು ಮೂಗು ಬಾಯಿಗೆ ಒತ್ತಿಕೊಂಡು ನನ್ನ ಮುಖ ನೋಡುತ್ತಾನೆ, ನಾನು ಹತ್ತು ಉಸಿರು ಎಣಿಸುತ್ತೇನೆ.

ನಿನ್ನೆ ಮತ್ತೆ ಮೂಗು ಸೋರಿತು. ರಾತ್ರಿ ಎಣಿಸಿದೆ, 28.