ಸಹಾಯ ಬೇಕು: ನಿಜವಸ್ತುವೆಂದೇ ಕಣ್ಣನ್ನು ನಂಬಿಸುವ ಸ್ಥಿರವಸ್ತು ತೈಲಚಿತ್ರದಲ್ಲಿ ನೆರಳು ಮೂಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕೊರ್ನೇಲಿಸ್ ಗೈಸ್‌ಬ್ರೆಕ್ಟ್ಸ್ 1670ರ ಸುಮಾರಿಗೆ ರಚಿಸಿದ, ಈಗ ಕೋಪನ್‌ಹೇಗನ್ನಿನಲ್ಲಿರುವ, ಚೌಕಟ್ಟು ಹಾಕಿದ ಚಿತ್ರವೊಂದರ ಹಿಂಬದಿಯನ್ನೇ ತೋರಿಸುವ ತೈಲಚಿತ್ರದ ಮುದ್ರಿತ ಪ್ರತಿಯನ್ನು ಮುಂದಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ಅದರಲ್ಲಿನ ಮರದ ಗೆರೆಗಳು, ಸಣ್ಣ ಮೊಳೆಗಳು, 36 ಎಂದು ಬರೆದ ಚೀಟಿ ಎಲ್ಲವೂ ಮುಟ್ಟಿ ನೋಡಬೇಕೆನಿಸುವಷ್ಟು ನಿಜವಾಗಿ ಕಾಣುವುದಕ್ಕೆ, ಕಲಾವಿದನು ಹೆಚ್ಚು ಆಳವಿಲ್ಲದ ವಸ್ತುಗಳನ್ನೇ ಆರಿಸಿಕೊಂಡು, ಅವುಗಳ ನೆರಳನ್ನು ಅಷ್ಟೇ ಎಚ್ಚರದಿಂದ ಚಿತ್ರಿಸಿರುವುದು ಕಾರಣವೆಂದು ನನ್ನ ಅಭಿಪ್ರಾಯ.

ಮರದ ಗೆರೆಗಳು ನನಗೆ ಒಂದು ಮಟ್ಟಿಗೆ ಒಲಿದಿವೆ. ಆದರೆ ಚೀಟಿಯ ಮೇಲೆದ್ದ ಅಂಚಿನ ಕೆಳಗೆ ಬೀಳಬೇಕಾದ ನೆರಳು ಕೊಳೆಯ ಕಲೆಯಂತೆ ಕಾಣುತ್ತಿದೆ. ಅದಕ್ಕೆ ಕಪ್ಪನ್ನು ಬೆರೆಸಬೇಕೇ, ಅಥವಾ ಕಂದು ಬಣ್ಣವನ್ನು ಅಗಸೆ ಎಣ್ಣೆಯಲ್ಲಿ ತೆಳುಗೊಳಿಸಿ, ಒಣಗಿದ ಪದರದ ಮೇಲೆ ಮತ್ತೆ ಮತ್ತೆ ಹಚ್ಚಬೇಕೇ? ನೆರಳಿನ ಹೊರಅಂಚನ್ನು ಎಷ್ಟು ಮಸುಕುಗೊಳಿಸಬೇಕು? ತೈಲವರ್ಣದಲ್ಲಿ ಪಳಗಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.