ವ್ಯಾಂಪೈರ್ ಸಿನಿಮಾ ಯಾವುದರಿಂದ ಶುರು ಮಾಡಲಿ? ನಿಮ್ಮ ಅನುಭವ ಹೇಳಿ

ಹೊಸನೋಟ ಕೇಳಿದ್ದು:
ನಾವು ನಾಲ್ಕು ಜನ ಗೆಳೆಯರು ವಾರಕ್ಕೊಂದರಂತೆ ಐದು ವ್ಯಾಂಪೈರ್ ಸಿನಿಮಾ ನೋಡಬೇಕು ಅಂತಿದ್ದೇವೆ. ನಾನು ಈವರೆಗೆ ನೋಡಿರುವುದು ಕೊಪ್ಪೊಲಾ ಮಾಡಿದ 1992ರ ಡ್ರಾಕುಲಾ, ಮತ್ತೆ ಟ್ವೈಲೈಟ್. ನಮ್ಮಲ್ಲೊಬ್ಬಳಿಗೆ ರಕ್ತ ಕಂಡರೆ ತಲೆ ಸುತ್ತುತ್ತದೆ. ಇನ್ನೊಬ್ಬನಿಗೆ ಮೂಕಿ ಚಿತ್ರ ಅಂದರೆ ನಿದ್ದೆ ಬರುತ್ತದೆ. ಯಾವ ಐದು, ಯಾವ ಕ್ರಮದಲ್ಲಿ?

ಹಳೇರೀಲು:
ನಾಸ್ಫೆರಾಟು, 1922, ನಿರ್ದೇಶನ ಮುರ್ನಾವ್. ಶುರು ಅಲ್ಲಿಂದಲೇ. ಆದರೆ ಕೈಗೆ ಸಿಕ್ಕಿದ ಪ್ರಿಂಟ್ ಹಾಕಿಕೊಂಡು ಕೂರಬೇಡಿ. ಈ ಒಂದು ಸಿನಿಮಾಕ್ಕೆ ನಾನು ಸುರಿದ ದುಡ್ಡು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೊದಲು ಕೊಂಡ ಡಿಸ್ಕ್ ಬರೀ ಕಪ್ಪು ಬಿಳುಪು. ಇದರ ವ್ಯಾಂಪೈರ್ ಕೌಂಟ್ ಓರ್ಲಾಕ್ ತನ್ನ ಶವಪೆಟ್ಟಿಗೆಯನ್ನು ತಾನೇ ಕಂಕುಳಲ್ಲಿ ಅವುಚಿಕೊಂಡು ಊರೊಳಗೆ ಬರುತ್ತಾನಲ್ಲ, ಅಲ್ಲಿ ಸುತ್ತಲೂ ನಡುಹಗಲು. ಅದೇ ಓರ್ಲಾಕ್ ಕೊನೆಯಲ್ಲಿ ಬೆಳಗಿನ ಬಿಸಿಲಿಗೆ ಕರಗಿ ಹೋಗುತ್ತಾನೆ. ತಲೆಬುಡ ತಿಳಿಯಲ್ಲ. ವಿಷಯ ಏನೆಂದರೆ, ಆ ಕಾಲದಲ್ಲಿ ರಾತ್ರಿಯ ದೃಶ್ಯವನ್ನೂ ಹಗಲಲ್ಲೇ ತೆಗೆದು ಪ್ರಿಂಟಿಗೆ ನೀಲಿ ಬಣ್ಣ ಹಾಕುತ್ತಿದ್ದರು. ನೀಲಿ ಅಂದರೆ ರಾತ್ರಿ, ಹಳದಿ ಅಂದರೆ ದೀಪ ಹಚ್ಚಿದ ಕೋಣೆ, ಗುಲಾಬಿ ಅಂದರೆ ಬೆಳಗಿನ ಜಾವ. ಬಣ್ಣ ತೆಗೆದುಬಿಟ್ಟರೆ ಕಥೆಯ ಬೆನ್ನುಮೂಳೆ ಮುರಿದ ಹಾಗೆ.

ಎರಡನೇ ಡಿಸ್ಕ್‌ನಲ್ಲಿ ಬಣ್ಣ ಇತ್ತು, ವೇಗ ಕೆಟ್ಟಿತ್ತು. ಸೆಕೆಂಡಿಗೆ 24 ಫ್ರೇಮ್‌ನಂತೆ ಓಡಿಸಿ ಒಂದು ಗಂಟೆ ಚಿಲ್ಲರೆಗೆ ಮುಗಿಸಿದ್ದರು. ಸರಿಯಾದ ವೇಗದಲ್ಲಿ ಅದು ಒಂದೂವರೆ ಗಂಟೆ ದಾಟುತ್ತದೆ. ಓರ್ಲಾಕ್ ಶವಪೆಟ್ಟಿಗೆಯಿಂದ ಹಲಗೆಯ ಹಾಗೆ ಸೆಟೆದು ನೆಟ್ಟಗೆ ಏಳುವುದು ನಿಧಾನವಾಗಿದ್ದರೇ ಮೈ ಜುಮ್ಮೆನ್ನುವುದು. ಓಡಿಸಿದರೆ ಸರ್ಕಸ್. ಮೇಲೆ ಯಾವುದೋ ಆರ್ಗನ್ ಸಂಗೀತ ಬೇರೆ, ದೃಶ್ಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮಾರಿದವರಿಗೆ ಪತ್ರ ಬರೆದೆ, ಉತ್ತರವೂ ಬರಲಿಲ್ಲ. ಕೊನೆಗೆ ಮುರ್ನಾವ್ ಪ್ರತಿಷ್ಠಾನ ದುರಸ್ತಿ ಮಾಡಿಸಿದ ಪ್ರತಿ ಸಿಕ್ಕಿತು. ಬಣ್ಣ ಸರಿ, ವೇಗ ಸರಿ, ಹಾನ್ಸ್ ಎರ್ಡ್‌ಮನ್ ಮೊದಲ ಪ್ರದರ್ಶನಕ್ಕೆ ಬರೆದ ಸಂಗೀತವನ್ನೂ ಮತ್ತೆ ಕಟ್ಟಿದ್ದಾರೆ. ಅದನ್ನೇ ಹುಡುಕಿ.

ಇಷ್ಟು ಗೋಳು ಯಾಕೆ ಅಂದರೆ, ಈ ಸಿನಿಮಾ ಉಳಿಯಲೇಬಾರದು ಅಂತ ಕೋರ್ಟೇ ಹೇಳಿತ್ತು. ಡ್ರಾಕುಲಾ ಕಾದಂಬರಿಯ ಹಕ್ಕು ಕೊಳ್ಳದೆ ತೆಗೆದರು ಅಂತ ಬ್ರಾಮ್ ಸ್ಟೋಕರ್ ಹೆಂಡತಿ ಫ್ಲಾರೆನ್ಸ್ ಕೇಸು ಹಾಕಿದರು. 1925ರಲ್ಲಿ ಎಲ್ಲಾ ಪ್ರತಿ ಸುಡಿ ಅಂತ ತೀರ್ಪು ಬಂತು. ಅಷ್ಟರಲ್ಲಿ ಸಿನಿಮಾ ತೆಗೆದ ಪ್ರಾನಾ ಫಿಲ್ಮ್ ಕಂಪನಿ ದಿವಾಳಿ. ಬೇರೆ ದೇಶಗಳಿಗೆ ಹೋಗಿದ್ದ ಪ್ರತಿಗಳಿಂದಲೇ ನಮಗೆ ಇಷ್ಟು ಸಿಕ್ಕಿದೆ.

ಕೆಂಪುಗಡಿ:
ಮೂಕಿ ಚಿತ್ರಕ್ಕೆ ನಿದ್ದೆ ಬರುತ್ತದೆ ಅಂತ ಬರೆದಿದ್ದಾರೆ, ಓದಿದ್ರಾ?

1958ರ ಡ್ರಾಕುಲಾ ಹಾಕಿ. ಬ್ರಿಟನ್ನಿನ ಹ್ಯಾಮರ್ ಕಂಪನಿಯವರದ್ದು, ನಿರ್ದೇಶನ ಟೆರೆನ್ಸ್ ಫಿಶರ್, ಡ್ರಾಕುಲಾ ಆಗಿ ಕ್ರಿಸ್ಟೋಫರ್ ಲೀ, ಅವನನ್ನು ಬೇಟೆಯಾಡುವ ವ್ಯಾನ್ ಹೆಲ್ಸಿಂಗ್ ಆಗಿ ಪೀಟರ್ ಕುಶಿಂಗ್. ವ್ಯಾಂಪೈರ್ ಸಿನಿಮಾಕ್ಕೆ ಮೈ, ರಕ್ತ, ಓಟ ಬಂದಿದ್ದೇ ಇಲ್ಲಿ. ಕ್ಲೈಮ್ಯಾಕ್ಸ್‌ನಲ್ಲಿ ಕುಶಿಂಗ್ ಉದ್ದನೆಯ ಊಟದ ಮೇಜಿನ ಮೇಲೆ ಓಡಿ, ಹಾರಿ, ಪರದೆ ಹಿಡಿದು ಎಳೆದು ಕಿತ್ತು ಹಾಕುತ್ತಾರೆ. ಬಿಸಿಲು ಒಳಗೆ ನುಗ್ಗುತ್ತದೆ. ಎರಡು ಮೇಣದಬತ್ತಿ ಸ್ಟ್ಯಾಂಡ್ ಅಡ್ಡ ಹಿಡಿದು ಶಿಲುಬೆ ಮಾಡುತ್ತಾರೆ. ಈಗಲೂ ಎದ್ದು ನಿಂತು ನೋಡುತ್ತೇನೆ.

ಆದರೆ ಪೂರ್ತಿ ದೃಶ್ಯ ನೋಡಲು ನಾನು ಅರ್ಧ ಆಯುಷ್ಯ ಕಾದಿದ್ದೇನೆ. ಡ್ರಾಕುಲಾ ತನ್ನ ಮುಖವನ್ನು ತಾನೇ ಉಗುರಿನಿಂದ ಕಿತ್ತುಕೊಳ್ಳುವ ಶಾಟ್ ಅನ್ನು ಸೆನ್ಸಾರ್‌ನವರು ತೆಗೆಸಿದ್ದರು. ಜಪಾನ್ ಪ್ರಿಂಟ್‌ನಲ್ಲಿ ಇದೆ ಅಂತ ಮಾತು ಇತ್ತು, ಸಾಕ್ಷಿ ಇರಲಿಲ್ಲ. ಸುಳ್ಳು ಹಬ್ಬಿಸಬೇಡಿ ಅಂತ ಎಷ್ಟು ಜನರ ಹತ್ತಿರ ಬೈಸಿಕೊಂಡೆ. 2011ರಲ್ಲಿ ಟೋಕಿಯೋದ ಚಿತ್ರ ಸಂಗ್ರಹಾಲಯದಲ್ಲಿ ರೀಲು ಸಿಕ್ಕೇ ಬಿಟ್ಟಿತು. ಬೆಂಕಿ ಅನಾಹುತದಲ್ಲಿ ಉಳಿದುಕೊಂಡ ರೀಲುಗಳು ಅವು. ನನಗೆ ಅವತ್ತು ಆದ ಖುಷಿ ಬೇರೆ ಯಾವುದರಿಂದಲೂ ಆಗಿಲ್ಲ.

ಹಳೇರೀಲು:
ಆ ರೀಲು ಸೇರಿಸಿ ತಂದ ಡಿಸ್ಕ್‌ನಲ್ಲಿ ಇಡೀ ಸಿನಿಮಾದ ಬಣ್ಣವನ್ನು ನೀಲಿ ಕಡೆಗೆ ತಿರುಗಿಸಿದ್ದನ್ನು ಹೇಳಲಿಲ್ಲ ನೀವು. ಹ್ಯಾಮರ್ ಅಂದರೆ ಬೆಚ್ಚನೆಯ ಕೆಂಪು. ಅದೇ ಮಂಕಾಗಿದೆ.

ಕೆಂಪುಗಡಿ:
1922ರ ಸಿನಿಮಾಕ್ಕೆ ನೀಲಿ ಬೇಕೇ ಬೇಕು, 1958ರದ್ದಕ್ಕೆ ಬೇಡ, ಅಲ್ವಾ? ಕಳೆದುಹೋಗಿದ್ದ ದೃಶ್ಯ ವಾಪಸ್ ಬಂದಿದೆ. ಅದರ ಮುಂದೆ ಬಣ್ಣದ ತಕರಾರು ಸಣ್ಣದು.

ಹಳೇರೀಲು:
ಸಣ್ಣದಲ್ಲ. ನಾಸ್ಫೆರಾಟುವಿನಲ್ಲಿ ನೀಲಿ ಹಾಕಿದ್ದು ಸಿನಿಮಾ ಮಾಡಿದವರು. ಇಲ್ಲಿ ಹಾಕಿದ್ದು ಐವತ್ತು ವರ್ಷ ಆದಮೇಲೆ ಬಂದವರು. ಇದು ನಿಮಗೆ ಗೊತ್ತಾಗದಿದ್ದರೆ ನಾನೇನು ಹೇಳಲಿ.

ಬೆಳದಿಂಗಳು:
ಇವರಿಬ್ಬರೂ ಎಲ್ಲಾ ಕಡೆ ಇದನ್ನೇ ಕಿತ್ತಾಡುತ್ತಾರೆ. ನೀವು ಸ್ವೀಡನ್ನಿನ ಲೆಟ್ ದಿ ರೈಟ್ ಒನ್ ಇನ್ ನೋಡಿ, 2008, ತೋಮಸ್ ಆಲ್ಫ್ರೆಡ್‌ಸನ್. ನನ್ನ ಪಾಲಿಗೆ ವ್ಯಾಂಪೈರ್ ಸಿನಿಮಾ ಅಂದರೆ ಇದೇ.

ಶಾಲೆಯಲ್ಲಿ ಹೊಡೆಸಿಕೊಳ್ಳುವ ಹುಡುಗ ಓಸ್ಕರ್. ಪಕ್ಕದ ಮನೆಗೆ ಬಂದ ಏಲಿ. ಕರೆಯದೆ ವ್ಯಾಂಪೈರ್ ಮನೆಯೊಳಗೆ ಬರಬಾರದು ಅನ್ನೋ ನಿಯಮ ಎಲ್ಲರಿಗೂ ಗೊತ್ತು. ಬಂದರೆ ಏನಾಗುತ್ತದೆ? ಇದು ತೋರಿಸುತ್ತದೆ. ಓಸ್ಕರ್ ಬೇಕಂತಲೇ ಕರೆಯುವುದಿಲ್ಲ. ಏಲಿ ಒಳಗೆ ಬಂದು ಸುಮ್ನೆ ನಿಲ್ಲುತ್ತಾಳೆ. ಮೈ ನಡುಗುತ್ತದೆ. ಕಣ್ಣು, ಕಿವಿ, ಕೂದಲ ಬುಡ, ಬೆನ್ನು, ಎಲ್ಲಾ ಕಡೆಯಿಂದ ರಕ್ತ ಒಸರುತ್ತದೆ. ಹುಡುಗ ಹೆದರಿ ಬಾ ಅಂತ ಕೂಗಿ ತಬ್ಬಿಕೊಳ್ಳುತ್ತಾನೆ. ಹಳೇ ಕಟ್ಟುಕಥೆಯ ಒಂದು ನಿಯಮವನ್ನು ಹೀಗೆ ಪ್ರೀತಿಯ ದೃಶ್ಯ ಮಾಡಿದವರು ಬೇರೆ ಯಾರಿದ್ದಾರೆ?

ಇದಕ್ಕಾಗಿ ನಾನು ಪಟ್ಟ ಪಾಡು ಬೇರೆ. 2009ರಲ್ಲಿ ಬಂದ ಅಮೆರಿಕದ ಡಿಸ್ಕ್‌ನಲ್ಲಿ ಸಬ್‌ಟೈಟಲ್ ಅರ್ಧಕ್ಕರ್ಧ ಮೊಟಕು. ಥಿಯೇಟರಿನಲ್ಲಿ ಓದಿದ್ದ ಮಾತುಗಳೇ ಇಲ್ಲ. ಗೆಳತಿಯರನ್ನು ಕೂರಿಸಿಕೊಂಡು ಹಾಕಿದ್ದೆ, ಇದರಲ್ಲಿ ಅಂಥದ್ದೇನಿದೆ ಅಂತ ಕೇಳಿದರು. ಎಷ್ಟು ಬೇಜಾರಾಯಿತು ಗೊತ್ತಾ. ಜನ ಗಲಾಟೆ ಮಾಡಿದ ಮೇಲೆ ಥಿಯೇಟರ್ ಸಬ್‌ಟೈಟಲ್ ಅಂತ ಹಿಂದೆ ಅಚ್ಚು ಮಾಡಿ ಹೊಸ ಡಿಸ್ಕ್ ತಂದರು. ಹಳೆಯದನ್ನು ಬದಲಾಯಿಸಿ ಕೊಡಲಿಲ್ಲ. ಮತ್ತೆ ಕೊಂಡೆ. ಕೊಳ್ಳುವ ಮುಂಚೆ ಡಬ್ಬಿಯ ಹಿಂಭಾಗ ಓದಿ.

2010ರ ಅಮೆರಿಕನ್ ರೀಮೇಕ್ ಬೇಡ.

ಧೂಳುರಸ್ತೆ:
ರೀಮೇಕ್ ಚೆನ್ನಾಗಿಯೇ ಇದೆ. ಕಾರು ಅಪಘಾತವನ್ನು ಕಾರಿನ ಒಳಗಿನಿಂದಲೇ ತೋರಿಸುವ ಶಾಟ್ ಸ್ವೀಡಿಷ್‌ನಲ್ಲಿ ಇಲ್ಲ.

ಇರಲಿ. ಯಾರೂ ಹೆಸರೆತ್ತದ ಸಿನಿಮಾ ಹೇಳುತ್ತೇನೆ. ನಿಯರ್ ಡಾರ್ಕ್, 1987, ಕ್ಯಾಥರಿನ್ ಬಿಗೆಲೋ. ಅದರಲ್ಲಿ ವ್ಯಾಂಪೈರ್ ಅನ್ನೋ ಹೆಸರನ್ನು ಒಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ. ಕೋಟೆ ಇಲ್ಲ, ಕೋರೆಹಲ್ಲಿಲ್ಲ. ಕಿಟಕಿಗೆ ಕಪ್ಪು ಬಳಿದ ವ್ಯಾನ್‌ನಲ್ಲಿ ತಿರುಗುವ ಒಂದು ಕುಟುಂಬ, ಅಷ್ಟೇ. ಮೋಟೆಲ್ ದೃಶ್ಯ ನೋಡಿ. ಹೊರಗೆ ಪೊಲೀಸರು ಗುಂಡು ಹಾರಿಸುತ್ತಾರೆ. ಗುಂಡು ತಗುಲಿದರೆ ಇವರಿಗೆ ಏನೂ ಆಗುವುದಿಲ್ಲ. ಆದರೆ ಗೋಡೆಗೆ ಬಿದ್ದ ಒಂದೊಂದು ತೂತಿನಿಂದಲೂ ಒಂದೊಂದು ಬಿಸಿಲುಕೋಲು ಒಳಗೆ ಬರುತ್ತದೆ. ಅದು ತಾಗಿದಲ್ಲಿ ಮೈ ಸುಡುತ್ತದೆ. ಗುಂಡಿಗಿಂತ ತೂತೇ ಅಪಾಯ. ಇಂಥ ಯೋಚನೆ ಹ್ಯಾಮರ್‌ನವರಿಗೆ ಯಾವತ್ತೂ ಹೊಳೆಯಲಿಲ್ಲ.

ಬಿಡುಗಡೆಯಾದಾಗ ಓಡಲಿಲ್ಲ. ಅದೇ ವರ್ಷ ಬಂದ ಇನ್ನೊಂದು ವ್ಯಾಂಪೈರ್ ಸಿನಿಮಾ ಲಾಸ್ಟ್ ಬಾಯ್ಸ್ ದುಡ್ಡು ಬಾಚಿತು. ಕ್ಯಾಸೆಟ್ಟಿನ ಮೇಲೆ ಕ್ಯಾಸೆಟ್ ಪ್ರತಿ ಮಾಡಿದ್ದನ್ನೇ ವರ್ಷಗಟ್ಟಲೆ ನೋಡಿದೆ. ಚಿತ್ರದಲ್ಲಿ ಗೆರೆ, ಟ್ಯಾಂಜರೀನ್ ಡ್ರೀಮ್ ತಂಡದ ಸಂಗೀತದಲ್ಲಿ ಗೊರಗೊರ ಸದ್ದು. ಆಮೇಲೆ ಡಿಸ್ಕ್ ಬಂತು, ಮುಗಿದುಹೋಯಿತು, ಸಿಕ್ಕವರು ಬಾಯಿಗೆ ಬಂದ ಬೆಲೆ ಹೇಳಿದರು. ಕೊಟ್ಟೆ. ಈಗಲೂ ಹೆಮ್ಮೆ ಇದೆ.

ಕೆಂಪುಗಡಿ:
ಹ್ಯಾಮರ್‌ಗೆ ಹೊಳೆಯಲಿಲ್ಲ ಅನ್ನೋ ಮಾತು ವಾಪಸ್ ತಗೊಳ್ಳಿ. ಬಿಸಿಲನ್ನು ಆಯುಧ ಮಾಡಿದ್ದು 1958ರಲ್ಲೇ ಇದೆ, ಮೇಲೆ ಬರೆದಿದ್ದೇನೆ.

ಹಳೇರೀಲು:
ಅದೂ 1922ರಲ್ಲೇ ಇದೆ. ಸ್ಟೋಕರ್ ಕಾದಂಬರಿಯಲ್ಲಿ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ. ಬಿಸಿಲು ತಾಗಿದರೆ ಸಾವು ಅನ್ನೋದನ್ನು ಸಿನಿಮಾಕ್ಕೆ ತಂದವರು ಮುರ್ನಾವ್ ತಂಡದವರು. ನೀವೆಲ್ಲ ಬಳಸುವ ನಿಯಮ ಅವರದ್ದು.

ಸಂಜೆಗೆಂಪು:
ಹಾಗಿದ್ದರೆ ಬಿಸಿಲಲ್ಲಿ ಹೊಳೆಯುವ ವ್ಯಾಂಪೈರನ್ನು ಕಂಡು ಎಲ್ಲರೂ ಯಾಕೆ ಮುಖ ಸಿಂಡರಿಸುತ್ತೀರಿ? ಕಾದಂಬರಿಯಲ್ಲಿ ಇಲ್ಲದ್ದನ್ನು ಮುರ್ನಾವ್ ಸೇರಿಸಿದರೆ ಕಲೆ, ಟ್ವೈಲೈಟ್ ಬದಲಾಯಿಸಿದರೆ ಅಪರಾಧ. ಕ್ಯಾಥರಿನ್ ಹಾರ್ಡ್‌ವಿಕ್ ತೆಗೆದ ಮೊದಲ ಭಾಗ ನೋಡಿ. ಆ ತಣ್ಣನೆಯ ಹಸಿರು-ನೀಲಿ ಕಾಡು, ಮಳೆ, ಹೇಳಲಾಗದ ಹುಡುಗಾಟದ ವಯಸ್ಸಿನ ಸಂಕಟ. ನಾನು ವ್ಯಾಂಪೈರ್ ಸಿನಿಮಾಕ್ಕೆ ಬಂದಿದ್ದೇ ಆ ಬಾಗಿಲಿನಿಂದ. ಆಮೇಲೆ ಹಳೇ ಕಾಲದ ನಿರ್ದೇಶಕ ಡ್ರೇಯರ್‌ವರೆಗೂ ಹೋದೆ. ಇಲ್ಲಿ ಟ್ವೈಲೈಟ್ ಹೆಸರು ಹೇಳಿದ ಹುಡುಗಿಯರನ್ನು ಎಷ್ಟು ಸಲ ಗೇಲಿ ಮಾಡಿ ಓಡಿಸಿದ್ದೀರಿ ಅಂತ ನನಗೆ ನೆನಪಿದೆ.

ಧೂಳುರಸ್ತೆ:
ಯಾರೂ ಗೇಲಿ ಮಾಡಲಿಲ್ಲವಲ್ಲ ಇಲ್ಲಿ.

ಸಂಜೆಗೆಂಪು:
ಈ ಸಲ ಮಾಡಲಿಲ್ಲ.

ಹೊಸನೋಟ:
ಎಲ್ಲರಿಗೂ ಥ್ಯಾಂಕ್ಸ್. ದಯವಿಟ್ಟು ಕ್ಲೈಮ್ಯಾಕ್ಸ್ ಹೇಳಬೇಡಿ, ನಾವಿನ್ನೂ ನೋಡಿಲ್ಲ. ರಕ್ತ ಕಡಿಮೆ ಇರುವುದು ಯಾವುದು? ಅದನ್ನು ಯಾರೂ ಹೇಳಲೇ ಇಲ್ಲ.

ಕತ್ತಲಕೋಣೆ:
ವಾಂಪಿರ್, 1932, ಕಾರ್ಲ್ ಡ್ರೇಯರ್. ರಕ್ತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕ್ಯಾಮೆರಾದ ಮುಂದೆ ತೆಳು ಬಟ್ಟೆ ಇಟ್ಟು ತೆಗೆದಿದ್ದರಿಂದ ಇಡೀ ಚಿತ್ರ ಮಂಜಿನೊಳಗೆ ಇದ್ದಂತೆ ಕಾಣುತ್ತದೆ. ನಾಯಕ ತನ್ನ ಶವವನ್ನು ತಾನೇ ನೋಡುತ್ತಾನೆ. ಆಮೇಲೆ ನಾವು ಶವಪೆಟ್ಟಿಗೆಯ ಒಳಗೆ. ಮುಖದ ಮೇಲೆ ಒಂದು ಗಾಜಿನ ಕಿಂಡಿ. ಮುಚ್ಚಳಕ್ಕೆ ಸ್ಕ್ರೂ ಬಿಗಿಯುತ್ತಾರೆ. ಯಾರೋ ಗಾಜಿನ ಮೇಲೆ ಮೇಣದಬತ್ತಿ ಇಡುತ್ತಾರೆ. ಮುದುಕಿ ಬಗ್ಗಿ ನೋಡುತ್ತಾಳೆ. ಹೊತ್ತುಕೊಂಡು ಹೊರಡುತ್ತಾರೆ, ಮೇಲೆ ಮರದ ಕೊಂಬೆ, ಆಕಾಶ ಸರಿಯುತ್ತವೆ. ನಾನು ಉಸಿರು ಹಿಡಿದು ನೋಡಿದ ದೃಶ್ಯ ಇದೊಂದೇ.

ದುಡ್ಡು ಹಾಕಿದ ಶ್ರೀಮಂತ ನಿಕೋಲಾ ದ ಗುಂಜ್‌ಬರ್ಗ್ ಜೂಲಿಯನ್ ವೆಸ್ಟ್ ಅನ್ನೋ ಹೆಸರಲ್ಲಿ ತಾನೇ ನಾಯಕ. ನಟನೆ ಬರುವುದಿಲ್ಲ ಅಂತ ದೂರುತ್ತಾರೆ. ಅವನು ನಿದ್ದೆಗಣ್ಣಲ್ಲಿ ನಡೆದ ಹಾಗೆ ಇರುವುದೇ ಈ ಸಿನಿಮಾಕ್ಕೆ ಬೇಕಾದದ್ದು. ಬರ್ಲಿನ್ನಿನಲ್ಲಿ ಮೊದಲ ದಿನ ಜನ ಕೂಗಾಡಿದರು. ಜರ್ಮನ್ ಸೆನ್ಸಾರ್ ವೈದ್ಯ ಹಿಟ್ಟಿನ ಗಿರಣಿಯಲ್ಲಿ ಸಾಯುವ ದೃಶ್ಯವನ್ನು ಕತ್ತರಿಸಿತು. ಆ ಕತ್ತರಿಸಿದ ಪ್ರತಿಯನ್ನೇ ಪೂರ್ತಿ ಅಂತ ನನಗೆ ಮಾರಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಬೆಳದಿಂಗಳು:
ಕ್ಲೈಮ್ಯಾಕ್ಸ್ ಹೇಳಬೇಡಿ ಅಂತ ಈಗ ತಾನೇ ಕೇಳಿಕೊಂಡರು!

ಕತ್ತಲಕೋಣೆ:
ತೊಂಬತ್ತು ವರ್ಷ ದಾಟಿದ ಸಿನಿಮಾ. ಅದೂ ಕಥೆಗಾಗಿ ನೋಡುವಂಥದ್ದಲ್ಲ. ಮೊದಲು ಏಲಿಯ ದೃಶ್ಯ ಪೂರ್ತಿ ಬರೆದವರು ನೀವೇ.

ನೆರಳುಬೆಳಕು:
ಲುಗೋಸಿ ಹೆಸರೇ ಇಲ್ಲದೆ ಇಷ್ಟು ದೂರ ಬಂದಿದ್ದೀರಿ. 1931ರ ಡ್ರಾಕುಲಾ, ಅದರಲ್ಲಿ ಡ್ರಾಕುಲಾ ಆಗಿದ್ದು ಬೇಲಾ ಲುಗೋಸಿ. ಅದರಲ್ಲೂ ರಕ್ತ ಇಲ್ಲವೆನ್ನುವಷ್ಟು ಕಡಿಮೆ. ಲುಗೋಸಿಯ ಕೋರೆಹಲ್ಲು ಕೂಡ ಒಮ್ಮೆಯೂ ಕಾಣುವುದಿಲ್ಲ. ಕಣ್ಣಿನ ಮೇಲೆ ಬೀಳುವ ಚಿಕ್ಕ ಬೆಳಕು, ಆ ಉಚ್ಚಾರಣೆ, ಅಷ್ಟರಲ್ಲೇ ಹೆದರಿಸುತ್ತಾರೆ. ಫಿಲಿಪ್ ಗ್ಲಾಸ್ 1998ರಲ್ಲಿ ಕೂಡಿಸಿದ ಸಂಗೀತ ಹಾಕಿಕೊಳ್ಳಬೇಡಿ. ಮೌನದಲ್ಲೇ ಅದರ ಭಯ ಇದೆ.

ಕತ್ತಲಕೋಣೆ:
ಅದಕ್ಕಿಂತ ಸ್ಪ್ಯಾನಿಷ್ ಡ್ರಾಕುಲಾ ಉತ್ತಮ. ಅದೇ ಸೆಟ್, ಅದೇ ವರ್ಷ. ಹಗಲು ಲುಗೋಸಿ ತಂಡ, ರಾತ್ರಿ ಇವರು. ಹಗಲಿನವರು ತೆಗೆದಿದ್ದನ್ನು ನೋಡಿಕೊಂಡು ಇನ್ನೂ ಚೆನ್ನಾಗಿ ತೆಗೆದರು. ಕ್ಯಾಮೆರಾ ಮೆಟ್ಟಿಲ ಮೇಲೆ ಏರುತ್ತದೆ. ಲುಗೋಸಿ ಚಿತ್ರದ ನಿರ್ದೇಶಕ ಟಾಡ್ ಬ್ರೌನಿಂಗ್‌ನದ್ದು ನಾಟಕದ ಪ್ರಯೋಗದ ಹಾಗೆ ನಿಂತಲ್ಲೇ ನಿಂತಿದೆ.

ನೆರಳುಬೆಳಕು:
ಕ್ಯಾಮೆರಾ ಏರಬಹುದು, ಸ್ಪ್ಯಾನಿಷ್ ಚಿತ್ರದ ಡ್ರಾಕುಲಾ ಕಾರ್ಲೋಸ್ ವಿಲ್ಯಾರಿಯಾಸ್ ಕಣ್ಣರಳಿಸಿದರೆ ಲುಗೋಸಿ ಆಗುವುದಿಲ್ಲ. ಒಂದು ನೂರಾ ನಾಲ್ಕು ನಿಮಿಷ ಎಳೆದಿದ್ದಾರೆ. ಬ್ರೌನಿಂಗ್ 75ರಲ್ಲಿ ಮುಗಿಸಿದ. ನೂರು ವರ್ಷ ಆಗುತ್ತಾ ಬಂದರೂ ಜನ ಡ್ರಾಕುಲಾ ಅಂದರೆ ಯಾರ ಧ್ವನಿಯಲ್ಲಿ ಅಣಕಿಸುತ್ತಾರೆ ಹೇಳಿ.

ಸಂಜೆಗೆಂಪು:
ಸ್ಪ್ಯಾನಿಷ್ ಚಿತ್ರದ ನಾಯಕಿ ಲುಪಿತಾ ತೋವರ್ ಬಗ್ಗೆ ಒಂದು ಮಾತು ಯಾರೂ ಹೇಳಲ್ಲ. ಇಂಗ್ಲಿಷಿನ ಮೀನಾ ಪಾತ್ರಕ್ಕೆ ಜೀವವೇ ಇಲ್ಲ, ಇವಳಲ್ಲಿ ಇದೆ. ನೂರಾ ನಾಲ್ಕು ನಿಮಿಷ ಅವಳಿಗಾಗಿಯೇ ನೋಡಬಹುದು.

ಮರುಕಟ್ಟು:
ಯುರೋಪು, ಹಾಲಿವುಡ್ ಬಿಟ್ಟು ಹೊರಗೆ ಬನ್ನಿ ಅಂತ ಹೇಳೋಣ ಅಂದುಕೊಂಡೆ, ಹಾಲಿವುಡ್ಡೇ ಹೊರಗಿಟ್ಟ ಸಿನಿಮಾ ಒಂದಿದೆ. ಗಾಂಜಾ ಅಂಡ್ ಹೆಸ್, 1973, ನಿರ್ದೇಶನ ಕಪ್ಪು ಅಮೆರಿಕನ್ ಬಿಲ್ ಗನ್. ನಿರ್ಮಾಪಕರಿಗೆ ಕಪ್ಪು ವ್ಯಾಂಪೈರ್ ಇದ್ದ ಬ್ಲ್ಯಾಕ್ಯುಲಾ ಸಿನಿಮಾ ತರಹದ್ದು ಬೇಕಿತ್ತು. ಗನ್ ಕೊಟ್ಟಿದ್ದು ಚಟ, ದೇವರು, ಒಂಟಿತನ. ಅದನ್ನು ಕತ್ತರಿಸಿ ಕತ್ತರಿಸಿ ಬ್ಲಡ್ ಕಪಲ್ ಅಂತ ಹೆಸರು ಬದಲಿಸಿ ಬಿಟ್ಟರು. ನಾನು ಮೊದಲು ನೋಡಿದ್ದು ಆ ಕತ್ತರಿಸಿದ್ದೇ. ಪೂರ್ತಿ ಪ್ರತಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಉಳಿದಿತ್ತು. ಅದನ್ನು ನೋಡಿದ ಮೇಲೆ ಗೊತ್ತಾಯಿತು ಗನ್‌ಗೆ ಎಂಥ ಅನ್ಯಾಯ ಆಗಿದೆ ಅಂತ. ನೀಲಿಯೋ ಕೆಂಪೋ ಅಂತ ಜಗಳ ಆಡುವವರು ಇದಕ್ಕೂ ಸ್ವಲ್ಪ ಸಿಟ್ಟು ಉಳಿಸಿಕೊಳ್ಳಿ.

ಹಳೇರೀಲು:
ಇದನ್ನು ಪೂರ್ತಿ ಒಪ್ಪುತ್ತೇನೆ. ನನ್ನ ಐದರಲ್ಲಿ ಇದೂ ಇದೆ.

ಕೆಂಪುಗಡಿ:
ನಾನೂ ಒಪ್ಪುತ್ತೇನೆ, ಆದರೆ ಮೊದಲ ವಾರಕ್ಕೆ ಅದು ಭಾರ. ಹೊಸನೋಟ ಅವರೇ, 1958ರದ್ದನ್ನೇ ಹಾಕಿ. ರಕ್ತಕ್ಕೆ ಹೆದರುವ ನಿಮ್ಮ ಗೆಳತಿಗೆ ಎರಡು ಕಡೆ ಮುಂಚೆಯೇ ಹೇಳಿಬಿಡಿ: ಗ್ರಂಥಾಲಯದಲ್ಲಿ ಲೀ ಬಾಗಿಲು ದೂಡಿ ನುಗ್ಗುವಾಗ, ಮತ್ತೆ ಲೂಸಿಯ ಎದೆಗೆ ಗೂಟ ಹೊಡೆಯುವಾಗ. ಅಷ್ಟು ಹೊತ್ತು ಕಣ್ಣು ಮುಚ್ಚಿಕೊಂಡರೆ ಉಳಿದದ್ದು ಆರಾಮವಾಗಿ ನೋಡಬಹುದು. ಮತ್ತೆ ಟೋಕಿಯೋ ರೀಲು ಸೇರಿಸಿರುವ ಪ್ರತಿಯೇ ಆಗಿರಲಿ, ಬಣ್ಣ ಹೇಗಾದರೂ ಇರಲಿ.

ಹಳೇರೀಲು:
ಬಣ್ಣ ಹೇಗಾದರೂ ಇರಲಿ ಅಂತ ಹೊಸಬರಿಗೆ ಹೇಳಬೇಡಿ.